ಎನ್‌ಮ್ಯಾಪ್ ಹಾಕಿದ್ದಾಯ್ತು, ಮುಂದೆ?

ಎನ್‌ಮ್ಯಾಪ್ ಅಂದರೆ ನೆಟ್‌ವರ್ಕಿನ ಮಷೀನುಗಳಲ್ಲಿ ಯಾವ ಪೋರ್ಟ್ (ಒಂದೊಂದು ಸೇವೆಗೆ ಇರುವ ನಂಬರಿನ ಬಾಗಿಲು) ತೆರೆದಿದೆ ಅಂತ ಹುಡುಕುವ ಸಾಧನ. ಉಬುಂಟು ಲಿನಕ್ಸ್ ಸರ್ವರ್‌ನಲ್ಲಿ ಅದನ್ನು ಹಾಕಲು, ಸಾಫ್ಟ್‌ವೇರ್ ಹಾಕಿಕೊಡುವ ಆಪ್ಟ್‌ನ ಒಂದು ಸಾಲಿನ ಕಮಾಂಡ್ ಸಾಕು. ರೆಡ್ ಹ್ಯಾಟ್ ಬಳಸುವವರಿಗೆ ಡಿಎನ್‌ಎಫ್. ಒಂದು ಕಾಫಿ ಕುಡಿಯುವಷ್ಟರಲ್ಲಿ ಮುಗಿದಿರುತ್ತದೆ. ಆದರೆ ಅದನ್ನು ಯಾವ ಮಷೀನಿನಲ್ಲಿ ಹಾಕಬೇಕು, ಯಾರ ಕೈಗೆ ಕೊಡಬೇಕು ಅಂತ ಮೊದಲೇ ಯೋಚಿಸುವವರು ಕಡಿಮೆ.

ಫೈರ್‌ವಾಲ್ ಸರಿಯಾಗಿದೆಯಾ ನೋಡಲು ಅದೇ ಸರ್ವರ್‌ನಲ್ಲಿ ಕೂತು ಲೋಕಲ್‌ಹೋಸ್ಟನ್ನು (ಅಂದರೆ ಆ ಮಷೀನನ್ನೇ) ಸ್ಕ್ಯಾನ್ ಮಾಡುವವರಿದ್ದಾರೆ. ಅದರಿಂದ ಒಳಗೆ ಏನೇನು ಓಡುತ್ತಿದೆ ಅಂತ ಗೊತ್ತಾಗುತ್ತದೆ, ಅಷ್ಟೇ. ಹೊರಗಿನವರಿಗೆ ಏನು ಕಾಣುತ್ತದೆ ಅನ್ನುವುದು ಬೇರೆ ವಿಷಯ. ಡಾಕರ್ (ಆಪ್‌ಗಳನ್ನು ಪ್ರತ್ಯೇಕ ಕಂಟೇನರ್‌ಗಳಲ್ಲಿ ಓಡಿಸುವ ಸಾಧನ) ಇರುವ ಕಡೆ ಇದು ಚೆನ್ನಾಗಿ ಕೈಕೊಡುತ್ತದೆ. ಉಬುಂಟುವಿನ ಫೈರ್‌ವಾಲ್ ಸಾಧನ ಯುಎಫ್‌ಡಬ್ಲ್ಯೂ ಸ್ಟೇಟಸ್ ನೋಡಿದರೆ 22 ಮತ್ತು 443 ಪೋರ್ಟ್ ಮಾತ್ರ ತೆರೆದಿವೆ. ಹೊರಗಿನಿಂದ ಸ್ಕ್ಯಾನ್ ಮಾಡಿದರೆ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ 5432 ಕೂಡ ಓಪನ್! ಡಾಕರ್ ಐಪಿಟೇಬಲ್ಸ್‌ಗೆ (ಲಿನಕ್ಸ್‌ನ ಒಳಗಿನ ಫೈರ್‌ವಾಲ್ ಪಟ್ಟಿ) ತನ್ನದೇ ರೂಲ್ ಬರೆಯುತ್ತದೆ, ಪಬ್ಲಿಷ್ ಮಾಡಿದ (ಕಂಟೇನರ್‌ನಿಂದ ಹೊರಗೆ ತೆರೆದಿಟ್ಟ) ಪೋರ್ಟಿನ ಟ್ರಾಫಿಕ್ ಯುಎಫ್‌ಡಬ್ಲ್ಯೂ ರೂಲ್‌ಗಳ ಹತ್ತಿರವೇ ಬರುವುದಿಲ್ಲ. ಪೋರ್ಟ್ ಪಬ್ಲಿಷ್ ಮಾಡುವಾಗ ಮುಂದೆ 127.0.0.1 (ಆ ಮಷೀನಿನ ಒಳಗಿನಿಂದ ಮಾತ್ರ ಸಿಗುವ ವಿಳಾಸ) ಸೇರಿಸಿದರೆ ಈ ತಲೆನೋವು ಇರುವುದಿಲ್ಲ. ಅದಕ್ಕೇ ಸ್ಕ್ಯಾನ್ ಮಾಡಲು ಬೇರೆಯೇ ಒಂದು ಸಣ್ಣ ಮಷೀನ್ ಇಡಿ. ಸಾಧ್ಯವಾದರೆ ಒಂದು ಒಳಗೆ, ಒಂದು ಹೊರಗೆ.

ಇನ್ನು ಯಾರ ಕೈಗೆ? ಸಿನ್ ಸ್ಕ್ಯಾನ್‌ಗೆ (ಸಂಪರ್ಕ ಪೂರ್ತಿ ಮಾಡದೆ ಪೋರ್ಟ್ ತಟ್ಟಿ ನೋಡುವ ವಿಧಾನ) ರೂಟ್ ಹಕ್ಕು, ಅಂದರೆ ಮಷೀನಿನ ಪೂರ್ಣ ಅಧಿಕಾರ ಬೇಕು. ಹಾಗಂತ ಟೀಮಿನವರಿಗೆಲ್ಲ 'ಎನ್‌ಮ್ಯಾಪ್ ಒಂದಕ್ಕೆ ಮಾತ್ರ' ಅಂತ ಸುಡೋ (ರೂಟ್ ಆಗಿ ಕಮಾಂಡ್ ಓಡಿಸುವ ಅನುಮತಿ) ಕೊಟ್ಟರೆ ಇಡೀ ಮಷೀನನ್ನೇ ಬರೆದುಕೊಟ್ಟ ಹಾಗೆ. ಎನ್‌ಮ್ಯಾಪ್ ಲುವಾ ಭಾಷೆಯ ಸ್ಕ್ರಿಪ್ಟ್‌ಗಳನ್ನು ಓಡಿಸುತ್ತದೆ, ಆ ಸ್ಕ್ರಿಪ್ಟ್‌ನಿಂದ ಯಾವ ಕಮಾಂಡ್ ಬೇಕಾದರೂ ಕೊಡಬಹುದು, ಅದೂ ರೂಟ್ ಆಗಿ. ರೂಟ್‌ನ ಕ್ರಾನ್‌ನಲ್ಲಿ (ಹೇಳಿದ ಹೊತ್ತಿಗೆ ತಾನಾಗಿ ಕೆಲಸ ಓಡಿಸುವ ವ್ಯವಸ್ಥೆ) ಒಂದು ನಿಗದಿತ ಸ್ಕ್ಯಾನ್ ಇಟ್ಟು, ಉಳಿದವರಿಗೆ ಫಲಿತಾಂಶದ ಫೈಲ್ ಮಾತ್ರ ಓದಲು ಕೊಡುವುದು ನನಗೆ ಸರಿ ಕಂಡ ದಾರಿ. ಆ ಫೈಲನ್ನೂ ಎಲ್ಲೆಂದರಲ್ಲಿ ಇಡಬೇಡಿ. ಕಳ್ಳನಿಗೆ ಅದು ಮನೆಯ ನಕ್ಷೆ.

ಸುಮ್ನೆ ಓಡಿಸಿದರೆ ಎನ್‌ಮ್ಯಾಪ್ ಹೆಚ್ಚು ಬಳಕೆಯಲ್ಲಿರುವ 1,000 ಟಿಸಿಪಿ ಪೋರ್ಟ್‌ಗಳನ್ನಷ್ಟೇ ನೋಡುತ್ತದೆ. ಇರುವುದು 65,535. ಯಾರೋ ಡೆವಲಪರ್ ಟೆಸ್ಟಿಂಗ್‌ಗೆ ಅಂತ 48,000ರ ಆಸುಪಾಸಿನಲ್ಲಿ ತೆರೆದು ಮರೆತದ್ದು ಅದರಲ್ಲಿ ಸಿಗುವುದು ಕಷ್ಟ. ವಾರಕ್ಕೊಮ್ಮೆ ರಾತ್ರಿ ಪೂರ್ತಿ ಸ್ಕ್ಯಾನ್ ಮಾಡಿಸಿ. ಟಿಸಿಪಿಯಂತೆಯೇ ಡೇಟಾ ಸಾಗಿಸುವ ಇನ್ನೊಂದು ವಿಧಾನ ಯುಡಿಪಿ, ಅದರ ವಿಷಯದಲ್ಲಿ ಮಾತ್ರ ಆಸೆ ಬೇಡ. ಮುಚ್ಚಿದ ಪೋರ್ಟಿನಿಂದ ಬರುವ ಉತ್ತರವನ್ನು ಲಿನಕ್ಸ್ ಹೆಚ್ಚುಕಡಿಮೆ ಸೆಕೆಂಡಿಗೆ ಒಂದರಂತೆ ಕಳಿಸುವುದರಿಂದ ಒಂದೇ ಮಷೀನಿಗೆ 18 ಗಂಟೆ ದಾಟಬಹುದು. 53 (ಡಿಎನ್‌ಎಸ್, ಹೆಸರಿನಿಂದ ವಿಳಾಸ ಹುಡುಕುವುದು), 123 (ಗಡಿಯಾರ ಹೊಂದಿಸುವುದು), 161 (ಸಾಧನಗಳ ನಿಗಾ) ಪೋರ್ಟ್ ನೋಡಿದರೆ ಎಷ್ಟೋ ಕಡೆ ಸಾಕು.

ಪೋರ್ಟಿನಲ್ಲಿ ಓಡುವ ಸಾಫ್ಟ್‌ವೇರಿನ ವರ್ಷನ್ ಪತ್ತೆ ಮಾಡುವ ಎನ್‌ಮ್ಯಾಪ್ ಆಪ್ಷನ್ 9100ರಿಂದ 9107ರವರೆಗಿನ ಟಿಸಿಪಿ ಪೋರ್ಟ್‌ಗಳನ್ನು ಬೇಕಂತಲೇ ಬಿಡುತ್ತದೆ. ಪ್ರಿಂಟರ್‌ಗಳು ಕೇಳಿಸಿಕೊಳ್ಳುವುದು ಅಲ್ಲೇ. ಅಲ್ಲಿಗೆ ಏನು ಕಳಿಸಿದರೂ ಕೆಲವು ಪ್ರಿಂಟರ್ ಅದನ್ನೇ ಮುದ್ರಿಸಿಬಿಡುತ್ತವೆ! 'ಆಲ್‌ಪೋರ್ಟ್ಸ್' ಹಾಕಿದರೆ ಈ ತಡೆ ಹೋಗುತ್ತದೆ. ಬೆಳಿಗ್ಗೆ ಅಕೌಂಟ್ಸ್ ವಿಭಾಗದವರು ಅರ್ಥವಾಗದ ಹಾಳೆಗಳ ಕಟ್ಟು ಹಿಡಿದು ಬಂದರೆ ಅಚ್ಚರಿಪಡಬೇಡಿ.

ನನಗೆ ಜಾಸ್ತಿ ಉಪಯೋಗಕ್ಕೆ ಬಂದಿರುವುದು ಸ್ಕ್ಯಾನ್‌ಗಿಂತ ಅದರ ಜೊತೆಗಾರ ಎನ್‌ಡಿಫ್, ಎರಡು ಸ್ಕ್ಯಾನ್‌ಗಳ ವ್ಯತ್ಯಾಸ ತೋರಿಸುವ ಸಾಧನ. ಒಂದು ದಿನದ ಪಟ್ಟಿಯನ್ನು ಯಾರೂ ಕೂತು ಓದುವುದಿಲ್ಲ, ಅಲ್ವಾ? ಫಲಿತಾಂಶವನ್ನು ಎಕ್ಸ್‌ಎಂಎಲ್ ಆಗಿ ಉಳಿಸಿ, ನಿನ್ನೆಯದರ ಜೊತೆ ಇವತ್ತಿನದನ್ನು ಎನ್‌ಡಿಫ್‌ಗೆ ಕೊಡಿ. ವ್ಯತ್ಯಾಸ ಇಲ್ಲದಿದ್ದರೆ ಎಕ್ಸಿಟ್ ಕೋಡ್ (ಕೆಲಸ ಮುಗಿಸಿ ಅದು ಕೊಡುವ ಸಂಖ್ಯೆ) 0, ಇದ್ದರೆ 1, ಅದಕ್ಕೇ ಏನೋ ತೊಂದರೆಯಾದರೆ 2. ಸೊನ್ನೆ ಬಂದ ದಿನ ಮೇಲ್ ಕಳಿಸಬೇಡಿ. ದಿನಾ ಬರುವ ಮೇಲನ್ನು ಮೂರನೇ ವಾರಕ್ಕೆ ಯಾರೂ ತೆರೆಯುವುದಿಲ್ಲ.

ಕೊನೆಯದಾಗಿ, ಅನುಮತಿ ಬರಹದಲ್ಲಿರಲಿ. ನಮ್ಮದಲ್ಲದ ನೆಟ್‌ವರ್ಕನ್ನು ಕೇಳದೆ ತಡಕಿದರೆ ಐಟಿ ಕಾಯ್ದೆಯ ತೊಡಕಿಗೆ ಸಿಗಬಹುದು. ಮುಖ್ಯ ವ್ಯವಸ್ಥೆಗಳನ್ನು ಗುರಿಯಿಟ್ಟು ಸ್ಕ್ಯಾನ್ ಮಾಡುವುದು ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರಲ್ಲಿ ಹೊರಡಿಸಿದ ನಿರ್ದೇಶನದ ಪಟ್ಟಿಯಲ್ಲೇ ಇದೆ, ಗೊತ್ತಾದ 6 ಗಂಟೆಯೊಳಗೆ ಅವರಿಗೆ ವರದಿ ಮಾಡಬೇಕು. ಸ್ವಂತ ಕಚೇರಿಯಲ್ಲೂ ಸ್ಕ್ಯಾನ್ ಮಷೀನಿನ ಐಪಿ ಮತ್ತು ಸಮಯವನ್ನು ಸೆಕ್ಯುರಿಟಿ ಟೀಮಿಗೆ ಮೊದಲೇ ತಿಳಿಸಿ. ಇಲ್ಲದಿದ್ದರೆ ರಾತ್ರಿ ಎರಡಕ್ಕೆ ಫೋನ್ ಬರುವುದು ನಿಮಗೇ.