ಐದೂ ತೂತು ಕಪ್ಪು: ಕಂಪ್ಯೂಟರ್ ಬಣ್ಣಗಳು ಎಲ್ಲಿ ಹೋದವು?

ಹೋದ ತಿಂಗಳು ಊರಿನಿಂದ ಚಿಕ್ಕಮ್ಮನ ಮಗ ಫೋನ್ ಮಾಡಿದ. ಹೊಸ ಕಂಪ್ಯೂಟರಿಗೆ ಸ್ಪೀಕರ್ ವೈರ್ ಎಲ್ಲಿ ಹಾಕಬೇಕು ಅಂತ ಕೇಳಿದ. ‘ಹಿಂದುಗಡೆ ಹಸಿರು ತೂತು ನೋಡು’ ಅಂದೆ. ‘ಹಸಿರು ಎಲ್ಲಿದೆ ಅಣ್ಣ? ಐದೂ ಕಪ್ಪು’ ಅಂದ.

ಇಪ್ಪತ್ತು ವರ್ಷದಿಂದ ಫೋನಿನಲ್ಲಿ ನಾನು ಹೇಳುತ್ತಾ ಬಂದ ಮಾತು ಅವತ್ತು ಕೆಲಸಕ್ಕೆ ಬರಲಿಲ್ಲ.

ಈ ಬಣ್ಣಗಳು ಸುಮ್ನೆ ಅಂದಕ್ಕೆ ಬಂದವಲ್ಲ. 1987ರಲ್ಲಿ ಐಬಿಎಂ ತನ್ನ ಪಿಎಸ್/2 ಕಂಪ್ಯೂಟರುಗಳಲ್ಲಿ ಕೀಬೋರ್ಡಿಗೂ ಮೌಸಿಗೂ ಒಂದೇ ಥರದ ದುಂಡನೆಯ, ಆರು ಪಿನ್ನಿನ ಸಾಕೆಟ್ ಕೊಟ್ಟಿತು. ಆಮೇಲೆ ಬೇರೆ ಕಂಪನಿಗಳೂ ಅದನ್ನೇ ಹಿಡಿದವು. ಅದಲುಬದಲಾಗಿ ಹಾಕಿದರೆ ಎರಡೂ ಕೆಲಸ ಮಾಡುತ್ತಿರಲಿಲ್ಲ. ನೋಡಿದರೆ ಮಾತ್ರ ವ್ಯತ್ಯಾಸ ಗೊತ್ತಾಗುತ್ತಿರಲಿಲ್ಲ. 1990ರ ದಶಕದ ಕೊನೆಗೆ ಮೈಕ್ರೋಸಾಫ್ಟ್ ಮತ್ತು ಇಂಟೆಲ್ ಸೇರಿ ತಂದ ‘ಪಿಸಿ 99’ ಮಾರ್ಗದರ್ಶಿ ಈ ಗೋಜಲನ್ನು ಬಿಡಿಸಿತು. ಕೀಬೋರ್ಡಿಗೆ ನೇರಳೆ, ಮೌಸಿಗೆ ಹಸಿರು, ಮಾನಿಟರಿಗೆ ನೀಲಿ, ಮೈಕಿಗೆ ಗುಲಾಬಿ, ಸ್ಪೀಕರಿಗೆ ತಿಳಿಹಸಿರು. ಅದೇ ಹೊತ್ತಿಗೆ ಪೆಟ್ಟಿಗೆಯ ಒಳಗೂ ಬಣ್ಣ ಬಂತು. ಹಾರ್ಡ್ ಡಿಸ್ಕಿನ ಹೊಸ ಪಟ್ಟಿ ಕೇಬಲ್‌ನಲ್ಲಿ ನೀಲಿ ತುದಿ ಮುಖ್ಯ ಬೋರ್ಡಾದ ಮದರ್‌ಬೋರ್ಡಿಗೆ, ಕಪ್ಪು ತುದಿ ಮೊದಲ ಡಿಸ್ಕಿಗೆ, ಬೂದು ಎರಡನೆಯದಕ್ಕೆ. ಇಂಗ್ಲಿಷ್ ಓದಲು ಬಾರದವರೂ ಕಂಪ್ಯೂಟರ್ ಜೋಡಿಸಬಹುದಿತ್ತು. ನಮ್ಮಂಥ ಕಡೆ ಇದು ಎಷ್ಟು ದೊಡ್ಡ ಅನುಕೂಲ ಅಲ್ವಾ?

ಹಾಗಾದರೆ ಕಪ್ಪು ಯಾಕೆ ಬಂತು? ಕ್ಯಾಬಿನೆಟ್ಟಿನ ಪಕ್ಕಕ್ಕೆ ಗಾಜು ಬಂದಿದ್ದರಿಂದ. ಒಳಗಿನದೆಲ್ಲ ಕಣ್ಣಿಗೆ ಬೀಳತೊಡಗಿತು. ಒಂದು ಕಂಪನಿಯ ನೀಲಿ ಬೋರ್ಡು, ಇನ್ನೊಂದರ ಕೆಂಪು ರ‍್ಯಾಮ್, ಹಳದಿ ವೈರು ಒಟ್ಟಿಗೆ ಸೇರಿದರೆ ಜಾತ್ರೆಯ ಅಂಗಡಿಯ ಹಾಗೆ ಕಾಣುತ್ತಿತ್ತು. ಕಪ್ಪು ಯಾವುದರ ಜೊತೆಗೂ ಹೊಂದುತ್ತದೆ. ಅದರ ಮೇಲೆ ಬಣ್ಣಬಣ್ಣದ ಎಲ್‌ಇಡಿ ಬೆಳಕೂ ಎದ್ದು ಕಾಣುತ್ತದೆ. ದುಡ್ಡು ಕೊಟ್ಟು ಆಸೆಯಿಂದ ಕಟ್ಟಿಕೊಂಡ ಯಂತ್ರ ಚೆಂದ ಕಾಣಲಿ ಅನ್ನುವುದು ತಪ್ಪಲ್ಲ. ಆದರೆ ಬಣ್ಣದ ಜೊತೆಗೆ ಅದು ಹೇಳುತ್ತಿದ್ದ ವಿಷಯವೂ ಹೋಯಿತು.

ರ‍್ಯಾಮ್ ಸ್ಲಾಟುಗಳನ್ನೇ, ಅಂದರೆ ಮೆಮೊರಿ ಕಡ್ಡಿ ಕೂರಿಸುವ ಜಾಗಗಳನ್ನೇ ನೋಡಿ. ಎರಡು ರ‍್ಯಾಮ್ ಕಡ್ಡಿಗಳು ಜೋಡಿಯಾಗಿ, ಅಂದರೆ ಡ್ಯುಯಲ್ ಚಾನೆಲ್‌ನಲ್ಲಿ, ಓಡಬೇಕಾದರೆ ಅವು ಸರಿಯಾದ ಸ್ಲಾಟಿನಲ್ಲೇ ಕೂರಬೇಕು. ಮೊದಲು ಜೋಡಿ ಸ್ಲಾಟುಗಳಿಗೆ ಒಂದೇ ಬಣ್ಣ ಇರುತ್ತಿತ್ತು. ಈಗ ಎಷ್ಟೋ ಬೋರ್ಡುಗಳಲ್ಲಿ ನಾಲ್ಕೂ ಕಪ್ಪು. ಸಾಮಾನ್ಯವಾಗಿ ಪ್ರೊಸೆಸರಿನಿಂದ ಎರಡನೆಯದು ಮತ್ತು ನಾಲ್ಕನೆಯದು ಸರಿ. ಅಕ್ಕಪಕ್ಕದ ಮೊದಲ ಎರಡಕ್ಕೆ ಹಾಕಿದರೂ ಕಂಪ್ಯೂಟರ್ ಓಡುತ್ತದೆ, ಆದರೆ ಮೆಮೊರಿ ಮಾಹಿತಿ ಸಾಗಿಸುವ ಗರಿಷ್ಠ ವೇಗ ಅರ್ಧಕ್ಕೆ ಇಳಿದಿರುತ್ತದೆ. ಓಡುತ್ತಿದೆಯಲ್ಲ ಅಂತ ಯಾರೂ ತೆರೆದು ನೋಡುವುದಿಲ್ಲ.

ನನಗೆ ಜಾಸ್ತಿ ಚಿಂತೆ ಇರುವುದು ಕಂಪ್ಯೂಟರಿಗೆ ಕರೆಂಟ್ ಕೊಡುವ ಪೆಟ್ಟಿಗೆಯ, ಅಂದರೆ ಎಸ್‌ಎಂಪಿಎಸ್ ವೈರುಗಳದ್ದು. ಇಂಟೆಲ್ 1995ರಲ್ಲಿ ತಂದ ಎಟಿಎಕ್ಸ್ ಮಾದರಿಯಲ್ಲಿ ಪ್ರತಿ ಬಣ್ಣಕ್ಕೂ ಒಂದು ಅರ್ಥ ಇತ್ತು. ಹಳದಿ ಅಂದರೆ 12 ವೋಲ್ಟ್. ಕೆಂಪು 5, ಕಿತ್ತಳೆ 3.3, ಕಪ್ಪು ಗ್ರೌಂಡ್. ಹಸಿರು ವೈರು ಸ್ವಿಚ್ಚಿನದ್ದು. ಎಸ್‌ಎಂಪಿಎಸ್ ಸತ್ತಿದೆಯೋ ಬದುಕಿದೆಯೋ ನೋಡಲು ರಿಪೇರಿಯವರು ಹಸಿರನ್ನೂ ಕಪ್ಪನ್ನೂ ಒಂದು ತುಂಡು ತಂತಿಯಿಂದ ಸೇರಿಸುತ್ತಿದ್ದರು. ಫ್ಯಾನ್ ತಿರುಗಿದರೆ ಜೀವ ಇದೆ ಅಂತ. ಈಗ ಎಲ್ಲ ವೈರೂ ಕಪ್ಪಾದರೆ ಪಿನ್ ಎಣಿಸಬೇಕು, ಇಲ್ಲವೇ ಮಲ್ಟಿಮೀಟರ್ ಹಿಡಿಯಬೇಕು.

ಇನ್ನು ಕೇಬಲ್ ಬಿಚ್ಚಿ ಹಾಕಬಹುದಾದ ಮಾಡ್ಯುಲರ್ ಎಸ್‌ಎಂಪಿಎಸ್. ಹಾರ್ಡ್ ಡಿಸ್ಕಿನ ಕಡೆ ತುದಿಗೆ ನಿಯಮ ಇದೆ. ಎಸ್‌ಎಂಪಿಎಸ್ ಕಡೆ ತುದಿಗೆ ಎಲ್ಲರೂ ಪಾಲಿಸುವ ನಿಯಮ ಇಲ್ಲ. ಒಂದು ಕಂಪನಿಯ ಕೇಬಲ್ ಇನ್ನೊಂದರಲ್ಲಿ ಸಲೀಸಾಗಿ ಕೂರಬಹುದು, ಆದರೆ 5 ವೋಲ್ಟ್ ಬರಬೇಕಾದ ಕಡೆ 12 ಬರಬಹುದು. ಡಿಸ್ಕ್ ಸುಟ್ಟುಹೋದರೆ ಅದರಲ್ಲಿದ್ದ ಫೋಟೋಗಳೂ ಹೋದ ಹಾಗೆ. ವೈರುಗಳಿಗೆ ಬಣ್ಣ ಇದ್ದಿದ್ದರೆ, ಹಳದಿ ಇರಬೇಕಾದ ಕಡೆ ಕೆಂಪು ಕಂಡಾಗ ಗೊತ್ತಿದ್ದವರ ಕೈಯಾದರೂ ತಡೆಯುತ್ತಿತ್ತು. ಕಪ್ಪು ವೈರು ಎಚ್ಚರಿಸುವುದಿಲ್ಲ.

ಎಲ್ಲ ಬಣ್ಣವೂ ಹೋಗಿಲ್ಲ. 2008ರಲ್ಲಿ ಬಂದ ಯುಎಸ್‌ಬಿ 3.0 ನೀಲಿಯನ್ನು ಶಿಫಾರಸು ಮಾಡಿತು, ಕಡ್ಡಾಯ ಮಾಡಲಿಲ್ಲ. ಎಷ್ಟೋ ಯಂತ್ರಗಳಲ್ಲಿ ಆ ನೀಲಿ ಇವತ್ತೂ ಇದೆ. ಹಾಗೆ ನೋಡಿದರೆ ಕಪ್ಪು ಬಣ್ಣದ್ದೇ ತಪ್ಪು ಅಂತಲೂ ನಾನು ಹೇಳುವುದಿಲ್ಲ. 1992ರ ಐಬಿಎಂ ಥಿಂಕ್‌ಪ್ಯಾಡ್ ಪೂರ್ತಿ ಕಪ್ಪು, ಆದರೆ ಬೆರಳು ಇಡಬೇಕಾದ ಕಡೆ ಒಂದು ಕೆಂಪು ಬೊಟ್ಟು ಇತ್ತು. ಅಷ್ಟು ಸಾಕು. ಸಾಕೆಟ್ಟಿನ ಒಳಗೆ ಒಂದು ಬಣ್ಣದ ಉಂಗುರ, ಕೇಬಲ್ ತುದಿಯಲ್ಲಿ ಒಂದು ಬಣ್ಣದ ಪಟ್ಟಿ, ಪಕ್ಕದಲ್ಲಿ ಓದಲು ಆಗುವಷ್ಟು ದೊಡ್ಡ ಚಿತ್ರ. ಕೆಂಪು–ಹಸಿರು ಬೇರೆ ಮಾಡಲಾಗದವರೂ ಇದ್ದಾರೆ, ಅವರಿಗೆ ಚಿತ್ರ ಬೇಕೇ ಬೇಕು. ಗಾಜಿನ ಕಡೆಯಿಂದ ನೋಡುವವರಿಗೆ ಇದ್ಯಾವುದೂ ಕಾಣುವುದೂ ಇಲ್ಲ.

ಅಲ್ಲಿಯವರೆಗೆ ನಾನು ಬಣ್ಣದ ಇನ್ಸುಲೇಷನ್ ಟೇಪ್ ಇಟ್ಟುಕೊಂಡಿದ್ದೇನೆ. ಎಸ್‌ಎಂಪಿಎಸ್ ಜೊತೆ ಬಂದ ಪ್ರತಿ ಕೇಬಲ್ಲಿಗೂ ಮೊದಲ ದಿನವೇ ಒಂದು ಸುತ್ತು. ಊರಿನ ಹುಡುಗ ಅವತ್ತು ಒಂದೊಂದೇ ತೂತಿಗೆ ಚುಚ್ಚಿ ನೋಡಿ, ಹಾಡು ಕೇಳಿಸಿದ ತೂತಿನ ಪಕ್ಕ ತಂಗಿಯ ನೇಲ್ ಪಾಲಿಶ್‌ನಿಂದ ಒಂದು ಚುಕ್ಕಿ ಇಟ್ಟ.