ಪ್ಯಾನೆಲ್‌ನಲ್ಲೇ ಉಳಿದ ಕೀಲಿ

ಯಾವ ಕಾರ್ಖಾನೆಗೆ ಹೋದರೂ ಪ್ಯಾನೆಲ್ ಬಾಗಿಲು ತೆಗೆಸಿ ನಾನು ಮೊದಲು ಹುಡುಕುವುದು ಒಂದು ಪುಟ್ಟ ಕೀಲಿಯನ್ನು. ಯಂತ್ರಗಳನ್ನು ನಡೆಸುವ ಪಿಎಲ್‌ಸಿ ಎಂಬ ಕಂಪ್ಯೂಟರಿನ ಮುಂಭಾಗದಲ್ಲಿ ಅದಿರುತ್ತದೆ. ಎಲ್ಲ ಕಂಪನಿಗಳ ಪಿಎಲ್‌ಸಿಗೂ ಇರುವುದಿಲ್ಲ; ಇರುವಲ್ಲಿ ಅದರ ಕೆಲಸ ಸರಳ. 'ರನ್' ಕಡೆ ತಿರುಗಿಸಿ ಕೀಲಿ ತೆಗೆದಿಟ್ಟರೆ ಒಳಗಿನ ಪ್ರೋಗ್ರಾಂ ಬದಲಿಸಲು ನೆಟ್‌ವರ್ಕ್‌ನಿಂದ ಬರುವ ಆದೇಶವನ್ನು ಯಂತ್ರ ಒಪ್ಪುವುದಿಲ್ಲ. 'ಪ್ರೋಗ್ರಾಂ' ಕಡೆ, ಕೆಲವದರಲ್ಲಿ 'ರಿಮೋಟ್' ಕಡೆ ಇದ್ದರೂ, ಒಪ್ಪುತ್ತದೆ. ನಾನು ನೋಡಿದ ಪ್ಯಾನೆಲ್‌ಗಳಲ್ಲಿ ಬಹುಪಾಲು ಕೀಲಿಗಳು ಕಮಿಷನಿಂಗ್ ದಿನ, ಅಂದರೆ ಯಂತ್ರವನ್ನು ಮೊದಲ ಸಲ ಚಾಲೂ ಮಾಡಿದ ದಿನ, ತಿರುಗಿಸಿದಲ್ಲೇ ಧೂಳು ಹಿಡಿದು ಕೂತಿರುತ್ತವೆ.

"ಸಾರ್, ರಾತ್ರಿ ಎರಡು ಗಂಟೆಗೆ ಲೈನ್ ನಿಂತ್ರೆ ಯಾರು ಬಂದು ಕೀಲಿ ತಿರುಗಿಸ್ತಾರೆ? ಇಲ್ಲೇ ಇರ್ಲಿ ಬಿಡಿ" ಎನ್ನುತ್ತಾರೆ ಮೇಂಟೆನೆನ್ಸ್ ಹುಡುಗರು. ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಲೈನ್ ನಿಂತ ಒಂದೊಂದು ನಿಮಿಷಕ್ಕೂ ಲೆಕ್ಕ ಕೇಳುವವರಿದ್ದಾರೆ, ಕೀಲಿ ಎಲ್ಲಿತ್ತು ಎಂದು ಕೇಳುವವರಿಲ್ಲ. ಅಂಥವರಿಗೆ ನಾನು ಸೌದಿ ಅರೇಬಿಯಾದ ಘಟನೆ ಹೇಳುತ್ತೇನೆ.

2017ರ ಆಗಸ್ಟ್‌ನಲ್ಲಿ ಅಲ್ಲಿನ ಪೆಟ್ರೋಕೆಮಿಕಲ್ ಸ್ಥಾವರವೊಂದು ತಾನಾಗಿಯೇ ಟ್ರಿಪ್ ಆಗಿ ನಿಂತಿತು. ಅದಕ್ಕೆ ಎರಡು ತಿಂಗಳ ಹಿಂದೆ, ಜೂನ್‌ನಲ್ಲೂ, ಹೀಗೇ ನಿಂತಿತ್ತು. ಯಂತ್ರದ ದೋಷವಿರಬೇಕೆಂದು ಮತ್ತೆ ಚಾಲೂ ಮಾಡಿದ್ದರು. ಈ ಸಲ ಹುಡುಕಿದಾಗ ಸಿಕ್ಕಿದ್ದು, ಮುಂದೆ 'ಟ್ರೈಟನ್' ಎಂದು ಹೆಸರಾದ ದುಷ್ಟ ತಂತ್ರಾಂಶ. ಅದು ನುಗ್ಗಿದ್ದು ಸ್ಥಾವರ ನಡೆಸುವ, ಪಿಎಲ್‌ಸಿಯಂಥ ಸಾಮಾನ್ಯ ಕಂಟ್ರೋಲರಿಗಲ್ಲ, ಶ್ನೈಡರ್ ಕಂಪನಿಯ ಟ್ರೈಕಾನೆಕ್ಸ್ ಸುರಕ್ಷತಾ ಕಂಟ್ರೋಲರಿಗೆ. ಒತ್ತಡವೋ ಉಷ್ಣವೋ ಮಿತಿ ಮೀರಿದಾಗ ಯಾರನ್ನೂ ಕೇಳದೆ ವಾಲ್ವ್ ಮುಚ್ಚಿ ಸ್ಥಾವರವನ್ನು ನಿಲ್ಲಿಸುವ ಕೊನೆಯ ಕಾವಲು ಅದು. ಕಳ್ಳ ಒಳಗೆ ಬರುವ ಮೊದಲು ನಾಯಿಗೆ ವಿಷ ಹಾಕುವುದನ್ನು ನೆನೆಸಿಕೊಳ್ಳಿ. ಸುರಕ್ಷತಾ ವ್ಯವಸ್ಥೆಯನ್ನು ಕೆಡಿಸುವವನ ಉದ್ದೇಶ ಅನಾಹುತವೇ ಇರಬೇಕು. ಅಲ್ಲಿ ಸಾಯುವವರು ಶಿಫ್ಟ್‌ನಲ್ಲಿರುವ ಜನ.

ಕಂಟ್ರೋಲರಿಗೆ ಹೊಸ ಪ್ರೋಗ್ರಾಂ ಬರೆಯಲು ದಾಳಿಕೋರರಿಗೆ ದಾರಿ ಹೇಗಾಯಿತು? ಅದರ ಕೀಲಿ 'ಪ್ರೋಗ್ರಾಂ'ನಲ್ಲಿ ಉಳಿದಿತ್ತು. ಅದು ರನ್‌ನಲ್ಲಿದ್ದಿದ್ದರೆ ಇಷ್ಟು ಸಲೀಸಾಗಿ ಬರೆಯಲು ಆಗುತ್ತಿರಲಿಲ್ಲ. ಕಂಟ್ರೋಲರಿನೊಳಗೇ ಇರುವ ಮೂಲ ತಂತ್ರಾಂಶವಾದ ಫರ್ಮ್‌ವೇರಿನಲ್ಲೂ ಒಂದು ದೋಷವಿದ್ದು, ಅದನ್ನೂ ಅವರು ಬಳಸಿಕೊಂಡರು ಎಂದು ಕಂಪನಿಯೇ 2018ರಲ್ಲಿ ತಿಳಿಸಿತು. ಆದರೆ ಕೀಲಿ ತಿರುಗಿಸಲು ಯಾವ ಪ್ಯಾಚೂ (ತಂತ್ರಾಂಶದ ದೋಷ ಸರಿಪಡಿಸುವ ತೇಪೆ) ಬೇಕಿರಲಿಲ್ಲ. ಸ್ಥಾವರ ಉಳಿದದ್ದು ಯಂತ್ರದ ಒಂದು ಒಳ್ಳೆಯ ಗುಣದಿಂದ. ಟ್ರೈಕಾನೆಕ್ಸ್‌ನಲ್ಲಿ ಮೂರು ಪ್ರೊಸೆಸರ್‌ಗಳು ಒಂದೇ ಲೆಕ್ಕವನ್ನು ಬೇರೆ ಬೇರೆಯಾಗಿ ಮಾಡಿ, ಉತ್ತರಗಳನ್ನು ಪರಸ್ಪರ ತಾಳೆ ನೋಡುತ್ತವೆ. ದಾಳಿಯ ಕೋಡ್ ಬಂದಾಗ ಆ ತಾಳೆ ತಪ್ಪಿತು. ಅನುಮಾನ ಬಂದ ಕೂಡಲೇ ನಿಲ್ಲಿಸು ಎಂಬ ನಿಯಮದಂತೆ ಕಂಟ್ರೋಲರ್ ಸ್ಥಾವರವನ್ನೇ ನಿಲ್ಲಿಸಿಬಿಟ್ಟಿತು.

ಇಷ್ಟು ಹೇಳಿದ ಮೇಲೂ "ನಮ್ಮಲ್ಲಿ ಪಾಸ್‌ವರ್ಡ್ ಇದೆಯಲ್ಲ ಸಾರ್" ಎನ್ನುವವರಿದ್ದಾರೆ. ಬಹಳಷ್ಟು ಕಡೆ ಆ ಪಾಸ್‌ವರ್ಡ್ ಕಂಪನಿಯಿಂದ ಬಂದದ್ದೇ. 2023ರ ನವೆಂಬರ್‌ನಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಅಲಿಕ್ವಿಪ್ಪ ಎಂಬಲ್ಲಿ ನೀರು ಸರಬರಾಜಿನ ಯುನಿಟ್ರಾನಿಕ್ಸ್ ಪಿಎಲ್‌ಸಿಯನ್ನು ದಾಳಿಕೋರರು ವಶಪಡಿಸಿಕೊಂಡರು. ಆ ಮಾದರಿಯ ಯಂತ್ರಗಳು ಕಾರ್ಖಾನೆಯಿಂದ ಬರುವಾಗಲೇ ಇದ್ದ ಪಾಸ್‌ವರ್ಡ್ 1111. ಇನ್ನು ಯಂತ್ರಗಳು ಮಾತಾಡುವ ಭಾಷೆಯ ವಿಷಯ. ಇಂದಿಗೂ ಎಲ್ಲೆಡೆ ಇರುವ ಮಾಡ್‌ಬಸ್ ಹುಟ್ಟಿದ್ದು 1979ರಲ್ಲಿ. ಆಗ ಒಂದು ಕೇಬಲ್, ಅದರ ಎರಡು ತುದಿ, ಅಷ್ಟೇ ಪ್ರಪಂಚ. ಹೀಗಾಗಿ ನೀನು ಯಾರು ಎಂದು ಕೇಳುವ ಏರ್ಪಾಡೇ ಅದರಲ್ಲಿಲ್ಲ. ರಿಜಿಸ್ಟರ್‌ನಲ್ಲಿ, ಅಂದರೆ ಯಂತ್ರದ ನೆನಪಿನ ಒಂದು ಖಾನೆಯಲ್ಲಿ, ಈ ಸಂಖ್ಯೆ ಬರೆ ಎಂದರೆ ಬರೆಯುತ್ತದೆ. 2024ರ ಜನವರಿಯಲ್ಲಿ ಉಕ್ರೇನಿನ ಲ್ವಿವ್ ನಗರದಲ್ಲಿ ಇದೇ ಮಾಡ್‌ಬಸ್ ಆದೇಶಗಳಿಂದ ಹೀಟಿಂಗ್ ಕೆಡಿಸಿದರು. 600ಕ್ಕೂ ಹೆಚ್ಚು ಅಪಾರ್ಟ್‌ಮೆಂಟ್ ಕಟ್ಟಡಗಳ ಜನ ಸೊನ್ನೆಗಿಂತ ಕೆಳಗಿನ ಚಳಿಯಲ್ಲಿ ಸುಮಾರು ಎರಡು ದಿನ ಕಳೆಯಬೇಕಾಯಿತು.

ಪ್ಯಾಚ್ ಹಾಕಿ ಎಂದು ಐಟಿಯವರು ಸುಲಭವಾಗಿ ಹೇಳುತ್ತಾರೆ. ಕಚೇರಿಯ ಕಂಪ್ಯೂಟರ್ ಮಧ್ಯಾಹ್ನ ಊಟದ ಹೊತ್ತಿಗೆ ರೀಸ್ಟಾರ್ಟ್ ಆದರೆ ಏನೂ ಆಗದು. ಬಾಯ್ಲರ್ ನಡೆಸುತ್ತಿರುವ ಕಂಟ್ರೋಲರ್ ವರ್ಷದ ಶಟ್‌ಡೌನ್‌ವರೆಗೆ ಕಾಯಲೇಬೇಕು. ಅಲ್ಲಿಯವರೆಗೆ ಯಂತ್ರ ಕೊಟ್ಟ ಕಂಪನಿಯ ಮೋಡೆಮ್ ಸರ್ವಿಸ್ ಇಲ್ಲದಾಗ ಆಫ್ ಇರಲಿ, ಪ್ರೋಗ್ರಾಂ ಬ್ಯಾಕಪ್ ಒಂದು ಪೆನ್‌ಡ್ರೈವ್‌ನಲ್ಲಿ ಬೀರುವಿನೊಳಗಿರಲಿ, ತಿಂಗಳಿಗೊಮ್ಮೆ ಅದನ್ನು ಓಡುತ್ತಿರುವ ಪ್ರೋಗ್ರಾಮಿನ ಜೊತೆ ಹೋಲಿಸಿ ನೋಡಿ. ಇವೆಲ್ಲಕ್ಕಿಂತ ಮೊದಲು ಆ ಕೀಲಿ.

ಕಳೆದ ವರ್ಷ ಒಂದು ಕಾರ್ಖಾನೆಯಲ್ಲಿ ಕೀಲಿ ರನ್ ಬಿಟ್ಟು ಕದಲಿದರೆ ಆಪರೇಟರ್ ಪರದೆಯ ಮೇಲೆ ಅಲಾರಂ ಬರುವಂತೆ ಮಾಡಿದೆವು. ಕೀಲಿ ಯಾವ ಕಡೆಗಿದೆ ಎಂಬುದನ್ನು ಆ ಪಿಎಲ್‌ಸಿಯೇ ಹೇಳುತ್ತದೆ. ಬೇಕಾದದ್ದು ಲ್ಯಾಡರ್‌ನಲ್ಲಿ, ಅಂದರೆ ಪಿಎಲ್‌ಸಿಯ ಪ್ರೋಗ್ರಾಮಿನಲ್ಲಿ, ಇನ್ನೊಂದು ಸಾಲು, ಅರ್ಧ ಗಂಟೆಯ ಕೆಲಸ. ಕೀಲಿ ಶಿಫ್ಟ್ ಇನ್‌ಚಾರ್ಜ್ ಮೇಜಿಗೆ ಹೋಯಿತು, ಪಕ್ಕದಲ್ಲೊಂದು ರಿಜಿಸ್ಟರ್ ಪುಸ್ತಕ. ಮೂರನೇ ವಾರ ರಾತ್ರಿ ಪಾಳಿಯಿಂದ ಫೋನ್ ಬಂತು: "ಸಾರ್, ಪ್ಯಾಕಿಂಗ್ ಲೈನ್ ಕೀಲಿ ರಿಮೋಟ್‌ನಲ್ಲಿದೆ ಅಂತ ಬರ್ತಿದೆ. ಸಂಜೆ ಸರ್ವಿಸ್‌ಗೆ ಬಂದವರು ಹಾಗೇ ಬಿಟ್ಟು ಹೋಗಿದಾರೆ. ತಿರುಗಿಸಿ, ರಿಜಿಸ್ಟರ್‌ನಲ್ಲಿ ಬರೆದಿದೀನಿ."