ಟೇಪು ಇದೆ, ಪಟ್ಟಿ ಎಲ್ಲಿ?

ಹೋದ ವರ್ಷ ಮೇ ತಿಂಗಳಲ್ಲಿ ನಮ್ಮ ಆಫೀಸಿನ ಬ್ಯಾಕಪ್ ಸರ್ವರ್, ಅಂದರೆ ಫೈಲುಗಳ ಇನ್ನೊಂದು ಪ್ರತಿ ಮಾಡಿಡುವ ಕಂಪ್ಯೂಟರ್, ಸತ್ತಿತು. ಬಳ್ಳಾರಿಯ ಬೇಸಿಗೆ ಗೊತ್ತಲ್ಲ. ರಾತ್ರಿ ಯಾವಾಗಲೋ ಕರೆಂಟ್ ಹೋಗಿ ಬಂದಿದೆ, ಎಸಿ ಮಾತ್ರ ಮತ್ತೆ ಶುರು ಆಗಿಲ್ಲ, ಬೆಳಿಗ್ಗೆ ಬಾಗಿಲು ತೆಗೆದರೆ ಸರ್ವರ್ ರೂಮು ಇಟ್ಟಂಗಿ ಭಟ್ಟಿ ಆಗಿತ್ತು. ಎರಡು ಡಿಸ್ಕ್ ಒಟ್ಟಿಗೆ ಹೋಗಿದ್ದವು. ನಾನು ಅಷ್ಟೇನೂ ಹೆದರಲಿಲ್ಲ. ಪಕ್ಕದ ರೂಮಿನ ಅಲ್ಮೆರಾದಲ್ಲಿ ಆ ಪ್ರತಿಗಳನ್ನು ಬರೆದಿಟ್ಟ 23 ಟೇಪುಗಳಿದ್ದವು, ಒಂದಕ್ಕೂ ಏನೂ ಆಗಿರಲಿಲ್ಲ.

ಮಧ್ಯಾಹ್ನ ಡ್ರಾಯಿಂಗ್ ವಿಭಾಗದಿಂದ ಫೋನು. 2019ರ ಒಂದು ಕನ್ವೇಯರ್ ಡ್ರಾಯಿಂಗ್ ಬೇಕಂತೆ, ಇವತ್ತೇ ಬೇಕಂತೆ. ಆಗ ಹೊಳೆಯಿತು. ಯಾವ ಫೈಲು ಯಾವ ಟೇಪಿನಲ್ಲಿದೆ ಅಂತ ಹೇಳುತ್ತಿದ್ದ ಕ್ಯಾಟಲಾಗ್ ಇದ್ದದ್ದು ಸತ್ತುಹೋದ ಆ ಡಿಸ್ಕಿನಲ್ಲೇ.

"ಹಚ್ಚಿ ನೋಡಿದ್ರ ಗೊತ್ತಾಗ್ತೈತಿ ಬಿಡಪಾ, ಅದಕ್ಕ್ಯಾಕ ಇಷ್ಟು ತಲಿ ಕೆಡಿಸ್ಕೋತಿ" ಅಂದರು ನಮ್ಮ ಹಿರಿಯ ಅಕೌಂಟೆಂಟು. ಕ್ಯಾಸೆಟ್ ಕಾಲದವರು, ಅವರ ಮಾತು ಪೂರ್ತಿ ತಪ್ಪೂ ಅಲ್ಲ. ಆದರೆ ಈ ಟೇಪನ್ನು ಹಚ್ಚಿ ನೋಡುವುದು ಅಂದರೆ ಎಷ್ಟು ದೊಡ್ಡ ಕೆಲಸ ಅಂತ ಅವತ್ತಿನವರೆಗೆ ನನಗೂ ಸರಿಯಾಗಿ ಗೊತ್ತಿರಲಿಲ್ಲ.

ನಮ್ಮದು ಎಲ್‌ಟಿಒ-6, ಅಂದರೆ ಎಲ್‌ಟಿಒ ಅನ್ನುವ ಜಾತಿಯ ಆರನೇ ಪೀಳಿಗೆಯ ಟೇಪು. ಅಂಗೈಯಲ್ಲಿ ಹಿಡಿಯುವ ಚೌಕದ ಡಬ್ಬಿ. ಒಳಗೆ ಅರ್ಧ ಇಂಚು ಅಗಲದ, 846 ಮೀಟರ್ ಉದ್ದದ ರಿಬ್ಬನ್ ಸುತ್ತಿಕೊಂಡಿರುತ್ತದೆ. ಆ ಅರ್ಧ ಇಂಚಿನಲ್ಲಿ 2176 ಟ್ರ್ಯಾಕುಗಳು, ಅಂದರೆ ಹೊಲದ ಸಾಲುಗಳಿದ್ದ ಹಾಗೆ. ಹೆಡ್ಡು, ಅಂದರೆ ಟೇಪ್ ಡ್ರೈವ್ ಅನ್ನುವ ಯಂತ್ರದಲ್ಲಿ ಓದಿ ಬರೆಯುವ ಭಾಗ, ಒಂದು ಸಲಕ್ಕೆ 16 ಸಾಲು ಬರೆಯುತ್ತಾ ಈ ತುದಿಯಿಂದ ಆ ತುದಿಗೆ ಹೋಗುತ್ತದೆ, ಅಲ್ಲಿಂದ ತಿರುಗಿ ಪಕ್ಕದ 16 ಸಾಲು ಬರೆಯುತ್ತಾ ವಾಪಸ್ ಬರುತ್ತದೆ. ನೇಗಿಲು ಹೊಡೆದ ಹಾಗೇ, ಅಲ್ವಾ? ಹೀಗೆ 136 ಸಲ. ಲೆಕ್ಕ ಹಾಕಿದರೆ ಒಂದು ಟೇಪು ಪೂರ್ತಿ ಓದಲು ಸುಮಾರು 115 ಕಿಲೋಮೀಟರ್ ರಿಬ್ಬನ್ ಹೆಡ್ಡಿನ ಮುಂದೆ ಓಡಬೇಕು. ಬಳ್ಳಾರಿಯಿಂದ ಹೊಸಪೇಟೆಗೆ ಹೋಗಿ ಬಂದಷ್ಟು ದೂರ! 2.5 ಟಿಬಿ ಹಿಡಿಯುವ ಟೇಪು, ಸೆಕೆಂಡಿಗೆ 160 ಎಂಬಿ ವೇಗ. ಒಂದು ಟೇಪಿಗೆ ನಾಲ್ಕು ಗಂಟೆ ಇಪ್ಪತ್ತು ನಿಮಿಷ. 23 ಟೇಪಿಗೆ? ನೂರು ಗಂಟೆ, ಅದೂ ನಿದ್ದೆಗೆಟ್ಟು ಟೇಪು ಬದಲಿಸುತ್ತಾ ಕೂತರೆ.

ಪೂರ್ತಿ ಯಾಕೆ ಓದಬೇಕು, ಪೆನ್ ಡ್ರೈವ್ ಥರ ತೆಗೆದು ನೋಡಿದರೆ ಸಾಲದೇ ಅಂತ ಕೇಳಬಹುದು. ಪೆನ್ ಡ್ರೈವ್‌ನಲ್ಲಿ ಯಾವ ಫೈಲು ಎಲ್ಲಿದೆ ಅನ್ನುವ ಪಟ್ಟಿ ಅದರೊಳಗೇ ಇರುತ್ತದೆ. ಮಾಮೂಲಿ ಬ್ಯಾಕಪ್ ಟೇಪಿನಲ್ಲಿ ಹಾಗಿಲ್ಲ. ಟೇಪ್ ಡ್ರೈವ್‌ಗೆ ಫೈಲು, ಫೋಲ್ಡರು, ಹೆಸರು ಅನ್ನೋದೇ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಬ್ಲಾಕಿನ, ಅಂದರೆ ಮಾಹಿತಿಯ ತುಂಡಿನ ನಂಬರು, ನಡುನಡುವೆ ಹಾಕಿದ ಒಂದು ಗುರುತು, ಅಷ್ಟೇ. ಹಳೇ ಯುನಿಕ್ಸ್‌ನ ಟಾರ್ ಅನ್ನುವ ಪ್ರೋಗ್ರಾಂ 1979ರಿಂದ ಇದೆ, ಅದರ ಹೆಸರೇ ಟೇಪ್ ಆರ್ಕೈವ್ ಅನ್ನುವುದರ ತುಂಡು. ಅದು ಪ್ರತಿ ಫೈಲಿನ ಮುಂದೆ 512 ಬೈಟಿನ ಒಂದು ಚೀಟಿ ಅಂಟಿಸುತ್ತದೆ: ಹೆಸರು, ಅಳತೆ, ತಾರೀಖು. ಆದರೆ ಎಲ್ಲ ಚೀಟಿಗಳ ಒಟ್ಟು ಪಟ್ಟಿ ಎಲ್ಲೂ ಇಲ್ಲ. ಕೊನೆಯ ಚೀಟಿ ನೋಡಬೇಕಂದರೆ ಕೊನೆವರೆಗೂ ಹೋಗಲೇಬೇಕು.

ಗಂಗಾವತಿ ಕಡೆ ಅಕ್ಕಿ ಗೋದಾಮು ನೋಡಿದವರಿಗೆ ಇದು ಬೇಗ ಅರ್ಥ ಆಗುತ್ತದೆ. ಚೀಲಗಳೆಲ್ಲ ಒಂದೇ ಥರ. ಯಾವ ರೈತನ ಮಾಲು ಯಾವ ಥಪ್ಪಿಯಲ್ಲಿದೆ ಅನ್ನೋದು ಗುಮಾಸ್ತನ ರಿಜಿಸ್ಟರಿನಲ್ಲಿರುತ್ತದೆ. ರಿಜಿಸ್ಟರ್ ಕಳೆದರೆ ಒಂದು ಕಾಳೂ ಕಳೆದಿಲ್ಲ, ಆದರೆ ಒಂದೊಂದೇ ಚೀಲ ಚುಚ್ಚಿ ನೋಡಬೇಕು.

ಬ್ಯಾಕಪ್ ತಂತ್ರಾಂಶದ ಕ್ಯಾಟಲಾಗ್ ಅಂದರೆ ಆ ರಿಜಿಸ್ಟರೇ. ಫೈಲಿನ ಹೆಸರು, ಯಾವತ್ತಿನ ಪ್ರತಿ, ಯಾವ ಟೇಪು, ಎಷ್ಟನೇ ಬ್ಲಾಕು. ಇದು ಕೈಯಲ್ಲಿದ್ದರೆ ಡ್ರೈವು ನೇರ ಆ ಜಾಗಕ್ಕೇ ಟೇಪನ್ನು ಓಡಿಸುತ್ತದೆ, ಒಂದೆರಡು ನಿಮಿಷದ ಮಾತು. ನಾಲ್ಕು ಗಂಟೆಗೂ ಎರಡು ನಿಮಿಷಕ್ಕೂ ಇರುವ ವ್ಯತ್ಯಾಸ ಎಷ್ಟು ತೂಗುತ್ತದೆ ಗೊತ್ತಾ? ಒಂದು ಫೈಲಿನ ವಿವರಕ್ಕೆ 200 ಬೈಟ್ ಹಿಡಿದರೆ 10 ಲಕ್ಷ ಫೈಲಿಗೆ 200 ಎಂಬಿ. ನಿಮ್ಮ ಫೋನಿನಲ್ಲಿರುವ ಒಂದು ಮದುವೆ ವಿಡಿಯೋ ಇದಕ್ಕಿಂತ ದೊಡ್ಡದಿರುತ್ತದೆ. ಇಷ್ಟು ಸಣ್ಣದನ್ನು ನಾನು ಎರಡನೇ ಕಡೆ ಇಟ್ಟಿರಲಿಲ್ಲ. ಸೋಮಾರಿತನ, ಬೇರೆ ಏನೂ ಅಲ್ಲ.

ಸರ್ವರ್ ಸುಡದಿದ್ದರೂ ಪಟ್ಟಿ ಕಳೆದುಹೋಗುವ ಇನ್ನೊಂದು ದಾರಿ ಇದೆ, ಇದು ಜಾಸ್ತಿ ಜನಕ್ಕೆ ಗೊತ್ತಿರುವುದಿಲ್ಲ. ಕ್ಯಾಟಲಾಗ್ ಬೆಳೆಯುತ್ತಾ ಹೋದರೆ ಡೇಟಾಬೇಸ್ ನಿಧಾನ ಆಗುತ್ತದೆ ಅಂತ ಬ್ಯಾಕಪ್ ತಂತ್ರಾಂಶಗಳು ಹಳೇ ಸಾಲುಗಳನ್ನು ತಾವೇ ಅಳಿಸುತ್ತವೆ. ಬ್ಯಾಕುಲಾ ಅನ್ನುವ ಮುಕ್ತ ತಂತ್ರಾಂಶವನ್ನೇ ತೆಗೆದುಕೊಳ್ಳಿ. ನೀವು ಏನನ್ನೂ ಬದಲಿಸದಿದ್ದರೆ ಅದು ಫೈಲಿನ ಹೆಸರುಗಳನ್ನು 60 ದಿನ, ಬ್ಯಾಕಪ್ ಕೆಲಸ ನಡೆದ ದಾಖಲೆಯನ್ನು 180 ದಿನ, ಟೇಪನ್ನು ಒಂದು ವರ್ಷ ಇಟ್ಟುಕೊಳ್ಳುತ್ತದೆ. ಅಂದರೆ ಮೂರನೇ ತಿಂಗಳಿಗೆ ಫೈಲು ಟೇಪಿನಲ್ಲಿ ಗಟ್ಟಿಯಾಗಿ ಕೂತಿರುತ್ತದೆ, ಕ್ಯಾಟಲಾಗಿಗೆ ಮಾತ್ರ ಅದರ ಹೆಸರು ಮರೆತಿರುತ್ತದೆ. ಇದು ದೋಷ ಅಲ್ಲ, ಹಾಗೇ ಮಾಡಿರುವುದು. ಹತ್ತು ವರ್ಷ ಇಡಬೇಕಾದ ಕಡತಗಳಿದ್ದರೆ ಆ ಅಂಕಿಗಳನ್ನು ನೀವೇ ಬದಲಿಸಬೇಕು. ಟೇಪು ಓದಿ ಕ್ಯಾಟಲಾಗನ್ನು ಮತ್ತೆ ಕಟ್ಟುವ ಬಿಸ್ಕ್ಯಾನ್ ಅನ್ನುವ ಸಾಧನವನ್ನೂ ಬ್ಯಾಕುಲಾ ಕೊಡುತ್ತದೆ, ಆದರೆ ಅದೂ ಟೇಪನ್ನು ಈ ತುದಿಯಿಂದ ಆ ತುದಿಗೆ ಓದಿಯೇ ಆಗಬೇಕು.

ಇದಕ್ಕೊಂದು ಪರಿಹಾರ 2010ರಲ್ಲಿ ಬಂತು. ಎಲ್‌ಟಿಒ-5ರಿಂದ ಟೇಪನ್ನು ಎರಡು ಭಾಗ ಮಾಡುವುದು ಸಾಧ್ಯವಾಯಿತು. ಐಬಿಎಂನವರು ಅದರ ಮೇಲೆ ಎಲ್‌ಟಿಎಫ್‌ಎಸ್ ಅನ್ನುವ ವ್ಯವಸ್ಥೆ ತಂದರು: ಸಣ್ಣ ಭಾಗದಲ್ಲಿ ಪಟ್ಟಿ, ದೊಡ್ಡ ಭಾಗದಲ್ಲಿ ಮಾಲು. ಪಟ್ಟಿ ಇರುವುದು ಎಕ್ಸ್‌ಎಂಎಲ್ ರೂಪದಲ್ಲಿ, ಅಂದರೆ ಮನುಷ್ಯರೂ ಓದಬಹುದಾದ ಅಕ್ಷರಗಳಲ್ಲಿ. ಟೇಪು ಹೋದಲ್ಲಿಗೆ ಪಟ್ಟಿಯೂ ಹೋಗುತ್ತದೆ. ನನಗೆ ಇದು ಇಷ್ಟ. ಆದರೆ 23 ಟೇಪಿನಲ್ಲಿ ಯಾವುದು ಅನ್ನುವ ಪ್ರಶ್ನೆಗೆ ಇದರಲ್ಲೂ ಉತ್ತರ ಇಲ್ಲ, ಒಂದೊಂದೇ ಹಾಕಿ ತೆಗೆಯಬೇಕು. ಹಾಗಾಗಿ ಹೊರಗೊಂದು ಪಟ್ಟಿ ಬೇಕೇ ಬೇಕು.

ಆ ನೂರು ಗಂಟೆಗಳಲ್ಲಿ ಟೇಪು ಗುಂಯ್‌ಗುಡುತ್ತಾ ಓಡುವಾಗ ಮಾಡಲು ಬೇರೆ ಕೆಲಸ ಇರಲಿಲ್ಲ, ಏನೇನೋ ಯೋಚನೆ. ಅದರಲ್ಲೊಂದು ಮಸ್ಕಿ. ಶಾಲೆಯಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಗೆ ಟ್ರಿಪ್ ಕರೆದುಕೊಂಡು ಹೋಗಿದ್ದರು, ಆಗ ಅಲ್ಲಿನ ಅಶೋಕನ ಶಾಸನದ ಬಂಡೆಗಿಂತ ಬುತ್ತಿಯ ಮೇಲೇ ಗಮನ. ಆ ಶಾಸನಗಳ ಬ್ರಾಹ್ಮಿ ಲಿಪಿಯನ್ನು 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಓದಿದ್ದರು, ಶಾಸನಗಳೂ ಬೇಕಾದಷ್ಟು ಇದ್ದವು. ಅವುಗಳಲ್ಲಿ ಇದ್ದದ್ದು ದೇವಾನಂಪಿಯ, ಪಿಯದಸಿ ಅನ್ನುವ ಬಿರುದುಗಳು. ನಮ್ಮ ಕೊಪ್ಪಳದ ಗವಿಮಠದ ಬಂಡೆಯಲ್ಲೂ ಅಷ್ಟೇ, ಹೆಸರಿಲ್ಲ. ಇವನೇ ಅಶೋಕ ಅಂತ ಸಿಂಹಳದ ಗ್ರಂಥಗಳ ಆಧಾರದ ಮೇಲೆ ಹೇಳುತ್ತಿದ್ದರು. 1915ರಲ್ಲಿ ಮಸ್ಕಿಯ ಬಂಡೆ ಸಿಕ್ಕಿತು, ಅದರಲ್ಲಿ ಬಿರುದಿನ ಜೊತೆಗೇ ಅಶೋಕ ಅಂತ ಕೆತ್ತಿತ್ತು. ಆಮೇಲೆ ನಮ್ಮ ಬಳ್ಳಾರಿ ಕಡೆಯ ನಿಟ್ಟೂರು, ಉಡೇಗೋಳದಲ್ಲೂ ಆ ಹೆಸರು ಸಿಕ್ಕಿತು. ಮಾಲೆಲ್ಲ ಮೊದಲೇ ಕೈಯಲ್ಲಿತ್ತು, ಯಾರದು ಅನ್ನುವ ಒಂದು ಸಾಲು ಗಟ್ಟಿ ಮಾಡಿಕೊಳ್ಳಲು 78 ವರ್ಷ ಹಿಡಿಯಿತು. ನನ್ನ ನೂರು ಗಂಟೆ ಏನು ಮಹಾ.

ಡ್ರಾಯಿಂಗು 17ನೇ ಟೇಪಿನಲ್ಲಿ ಸಿಕ್ಕಿತು, ನಾಲ್ಕನೇ ದಿನ. ಕೇಳಿದವರು ಅಷ್ಟರಲ್ಲಿ ಹೊಸದಾಗಿ ಬರೆದುಕೊಂಡಿದ್ದರು.

ಈಗ ಏನು ಮಾಡುತ್ತೇನೆ ಅಂದರೆ, ಪ್ರತಿ ಟೇಪು ತುಂಬಿದ ಮೇಲೆ ಕ್ಯಾಟಲಾಗಿನಿಂದ ಒಂದು ಸುಮ್ನೆ ಟೆಕ್ಸ್ಟ್ ಫೈಲು ತೆಗೆಯುತ್ತೇನೆ. ಡೇಟಾಬೇಸಿನ ಪ್ರತಿಯೂ ಬೇಕು, ಅದನ್ನೂ ಇಡುತ್ತೇನೆ, ಆದರೆ ಹತ್ತು ವರ್ಷದ ನಂತರ ಆ ತಂತ್ರಾಂಶದ ಆ ಆವೃತ್ತಿ ಸಿಗದೇ ಹೋಗಬಹುದು, ಟೆಕ್ಸ್ಟ್ ಫೈಲನ್ನು ಯಾವ ಕಂಪ್ಯೂಟರಾದರೂ ತೆಗೆಯುತ್ತದೆ. ಸಾಲಿಗೊಂದು ಫೈಲು: ಟೇಪಿನ ನಂಬರು, ಬ್ಲಾಕು, ತಾರೀಖು, ಪೂರ್ತಿ ದಾರಿ (ಯಾವ ಫೋಲ್ಡರಿನೊಳಗೆ ಯಾವ ಹೆಸರು), ಕೊನೆಗೆ ಶಾ-256 ಮೊತ್ತ. ಆ ಮೊತ್ತ ಇದ್ದರೆ ವಾಪಸ್ ಬಂದ ಫೈಲು ಒಂದು ಅಕ್ಷರವೂ ಬದಲಾಗದೆ ಬಂದಿದೆಯಾ ಅಂತ ತಾಳೆ ನೋಡಬಹುದು. ಮೊದಲ ಸಲ ತೆಗೆದಾಗ ಒಂದು ತಮಾಷೆ ಆಯಿತು. ಕನ್ನಡದಲ್ಲಿ ಹೆಸರಿಟ್ಟ ಫೈಲುಗಳೆಲ್ಲ ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಿ ಬಂದಿದ್ದವು. ಅಕ್ಷರ ಸಂಕೇತವನ್ನು ಯುಟಿಎಫ್-8 ಅಂತ ಹೇಳದಿದ್ದದ್ದು ಕಾರಣ. ಪಟ್ಟಿ ತೆಗೆದು ಇಟ್ಟರೆ ಸಾಲದು, ಒಮ್ಮೆ ಕಣ್ಣು ಹಾಯಿಸಬೇಕು.

ಆ ಪಟ್ಟಿಯ ಒಂದು ಪ್ರತಿ ಬೇರೆ ಕಟ್ಟಡದಲ್ಲಿ, ಒಂದು ಆನ್‌ಲೈನಿನಲ್ಲಿ, ಒಂದು ಮುಂದಿನ ಟೇಪಿನ ಮೊದಲ ಫೈಲಾಗಿ. ಟೇಪುಗಳನ್ನೂ ಬಿಸಿಲು ಹೊಡೆಯುವ ಗೋಡೆಯಿಂದ ದೂರ ಸರಿಸಿದ್ದೇನೆ. ದೀರ್ಘಕಾಲ ಇಡಲು 16ರಿಂದ 25 ಡಿಗ್ರಿ ಇರಬೇಕು ಅನ್ನುತ್ತಾರೆ, ಬಳ್ಳಾರಿಯಲ್ಲಿ ಅದು ಪುಕ್ಕಟೆ ಸಿಗಲ್ಲ. ಇನ್ನು ಅಲ್ಮೆರಾ ಬಾಗಿಲಿನ ಒಳಗಡೆ ಒಂದು ಹಾಳೆ ಅಂಟಿಸಿದ್ದೆ: ಯಾವ ಡ್ರೈವು, ಯಾವ ತಂತ್ರಾಂಶ, ಪಟ್ಟಿ ಎಲ್ಲೆಲ್ಲಿದೆ, ಎನ್‌ಕ್ರಿಪ್ಷನ್ ಕೀ (ಗುಪ್ತವಾಗಿ ಬರೆದ ಟೇಪನ್ನು ಓದಲು ಬೇಕಾದ ಸಂಕೇತ) ಯಾರ ಹತ್ತಿರ ಇದೆ.

ಕಳೆದ ತಿಂಗಳು ಹೊಸದಾಗಿ ಸೇರಿದ ಹುಡುಗನಿಗೆ ಒಂದು ಫೈಲಿನ ಹೆಸರು ಹೇಳಿ, ನನ್ನನ್ನು ಏನೂ ಕೇಳದೆ ತೆಗೆದುಕೊಡು ಅಂದೆ. ಇಪ್ಪತ್ತೈದು ನಿಮಿಷ ತೆಗೆದುಕೊಂಡ. ಅದರಲ್ಲಿ ಇಪ್ಪತ್ತು ನಿಮಿಷ ಅಲ್ಮೆರಾದ ಕೀಲಿ ಹುಡುಕಿದ್ದ. ಹಾಳೆ ಇದ್ದದ್ದು ಅಲ್ಮೆರಾದ ಒಳಗಡೆ ಅಲ್ವಾ. ಈಗ ಹೊರಗಡೆ ಅಂಟಿಸಿದ್ದೇನೆ.